ಬ್ರೌಸರ್ ಪ್ಲಗಿನ್, ಎಕ್ಸ್‌ಟೆನ್ಷನ್ ಮತ್ತು ಮನೆ ಕಂಪ್ಯೂಟರಿನ ಸುರಕ್ಷತೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಅಶೋಕ ರಸ್ತೆ ಪಕ್ಕದ ಅಡ್ಡರಸ್ತೆಯಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಸ್ಕೂಟರ್ ಮುಂದೆ ಸಿಪಿಯು ಇಟ್ಟುಕೊಂಡು ಕ್ಯಾತ್ಸಂದ್ರದಿಂದ, ಬಟವಾಡಿಯಿಂದ, ಗುಬ್ಬಿಯಿಂದ ಜನ ಬರುತ್ತಾರೆ. "ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡಿಕೊಡಿ" ಅನ್ನುತ್ತಾರೆ. ಬಿಚ್ಚಿ ನೋಡಿದರೆ ಬಹಳ ಸಲ ತೊಂದರೆ ಇರುವುದು ಬ್ರೌಸರ್ ಒಳಗೆ, ಅಂದರೆ ಇಂಟರ್‌ನೆಟ್ ನೋಡಲು ಬಳಸುವ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ನಂಥ ಪ್ರೋಗ್ರಾಂ ಒಳಗೆ. ಕೆಲಸ ಮುಗಿಸಿ ಕೊಡುವಾಗ ಅವರು ಕೇಳುವ ಪ್ರಶ್ನೆಗಳನ್ನು ಬಿಲ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಾ ಬಂದೆ. ಕೆಲವರು ಚೀಟಿ ಬರೆದು ಸಿಪಿಯು ಮೇಲೆ ಅಂಟಿಸಿ ಕಳಿಸುತ್ತಾರೆ, ಅವೂ ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಸಾಕು.

## ಮೊದಲು ತಿಳಿಯಬೇಕಾದದ್ದು

ಪ್ಲಗಿನ್, ಎಕ್ಸ್‌ಟೆನ್ಷನ್, ಆಡ್-ಆನ್ ಅಂತೀರಲ್ಲ, ಎಲ್ಲಾ ಒಂದೇನಾ?

ಒಂದೇ ಅಲ್ಲ. ಎಲ್ಲರೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಗೊಂದಲ ಆಗುತ್ತದೆ.

ನಮ್ಮ ಕಡೆ ರಸ್ತೆಗೆ ಮುಖ ಮಾಡಿದ ಮನೆಗಳಲ್ಲಿ ಮುಂದಿನ ಕೋಣೆಯನ್ನು ಮಳಿಗೆ ಮಾಡಿ ಬಾಡಿಗೆಗೆ ಕೊಡುತ್ತಾರಲ್ಲ, ಪ್ಲಗಿನ್ ಹಾಗೆ. ಅದು ಬೇರೆ ಕಂಪನಿಯ ಬೇರೆಯೇ ಪ್ರೋಗ್ರಾಂ. ವಿಡಿಯೊ, ಆಟ, ಕ್ಯಾಮೆರಾ ಚಿತ್ರ ಹೀಗೆ ತನಗೆ ಬಾರದ ಕೆಲಸವನ್ನು ಬ್ರೌಸರ್ ಅದಕ್ಕೆ ಒಪ್ಪಿಸುತ್ತಿತ್ತು. ಮಳಿಗೆಗೆ ರಸ್ತೆ ಕಡೆ ಶಟರ್, ಮನೆ ಕಡೆ ಬಾಗಿಲು. ಶಟರ್ ಮುರಿದವನು ಸೀದಾ ನಡುಮನೆಗೆ ಬರುತ್ತಿದ್ದ. ಫ್ಲಾಷ್, ಜಾವಾ, ಸಿಲ್ವರ್‌ಲೈಟ್, ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಆಕ್ಟಿವ್‌ಎಕ್ಸ್ ಎಲ್ಲ ಈ ಗುಂಪಿನವು.

ಎಕ್ಸ್‌ಟೆನ್ಷನ್ ಅಂದರೆ ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು ಊರಿಗೆ ಹೋದ ಹಾಗೆ. ಅದು ಬ್ರೌಸರ್ ಒಳಗೇ ಓಡುವ ಸಣ್ಣ ಪ್ರೋಗ್ರಾಂ. ಅದಕ್ಕೆ ಗೋಡೆ ಒಡೆಯುವ ಅಗತ್ಯ ಇಲ್ಲ. ನೀವು ಅನುಮತಿ ಕೊಟ್ಟಷ್ಟು ಕೋಣೆ ಅದಕ್ಕೆ ತೆರೆದಿರುತ್ತದೆ. ಆಡ್-ಆನ್ ಎನ್ನುವುದು ಎಕ್ಸ್‌ಟೆನ್ಷನ್, ಥೀಮ್ ಎಲ್ಲಕ್ಕೂ ಸೇರಿಸಿ ಫೈರ್‌ಫಾಕ್ಸ್‌ನವರು ಬಳಸುವ ಹೆಸರು.

ಪ್ಲಗಿನ್ ಕಾಲ ಬಹುಪಾಲು ಮುಗಿದಿದೆ. ಈಗ ಮನೆ ಕಂಪ್ಯೂಟರುಗಳಲ್ಲಿ ನಾನು ನೋಡುವ ತೊಂದರೆ ಜಾಸ್ತಿ ಎಕ್ಸ್‌ಟೆನ್ಷನ್‌ದೇ.

ಫ್ಲಾಷ್ ಯಾಕೆ ತೆಗೆದುಬಿಟ್ರು? ಮಕ್ಕಳು ಆಟ ಆಡ್ಕೊಂಡು ಸುಮ್ನೆ ಇರ್ತಿದ್ರು.

ಅದರಲ್ಲಿ ಒಂದು ತೂತು (ಕಳ್ಳರು ಒಳನುಗ್ಗಲು ಬರುವ ದೋಷ) ಮುಚ್ಚಿದರೆ ಇನ್ನೊಂದು ಕಾಣುತ್ತಿತ್ತು. ಕೆಟ್ಟ ಜಾಹೀರಾತು ಇರುವ ಪುಟ ತೆರೆದರೆ ಸಾಕು, ಏನೂ ಒತ್ತದೇ ಇದ್ದರೂ ಕಂಪ್ಯೂಟರ್ ಕೈತಪ್ಪುತ್ತಿತ್ತು. 2015ರ ಜುಲೈನಲ್ಲಿ ಬೇಹುಗಾರಿಕೆ ತಂತ್ರಾಂಶ ಮಾರುತ್ತಿದ್ದ ಇಟಲಿಯ ಹ್ಯಾಕಿಂಗ್ ಟೀಮ್ ಎಂಬ ಕಂಪನಿಯ ಕಡತಗಳು ಸೋರಿಹೋದವು. ಯಾರಿಗೂ ಗೊತ್ತಿಲ್ಲದ ಫ್ಲಾಷ್ ತೂತುಗಳು ಅದರಲ್ಲಿದ್ದವು. ಕೆಲವೇ ದಿನಗಳಲ್ಲಿ ಅವು ಕಳ್ಳರ ಕೈಗೂ ಸೇರಿದವು. ಜಾವಾ ಕಥೆಯೂ ಹೀಗೇ. 2013ರ ಜನವರಿಯಲ್ಲಿ ಅಮೆರಿಕದ ಗೃಹಭದ್ರತಾ ಇಲಾಖೆಯೇ "ಬ್ರೌಸರ್‌ನಲ್ಲಿ ಜಾವಾ ಆಫ್ ಮಾಡಿ" ಎಂದು ಜನರಿಗೆ ಹೇಳಿತ್ತು.

2015ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಹಳೇ ಮಾದರಿಯ ಪ್ಲಗಿನ್‌ಗಳನ್ನು ಪೂರ್ತಿ ನಿಲ್ಲಿಸಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಫ್ಲಾಷ್ ಒಂದನ್ನು ಬಿಟ್ಟು ಉಳಿದವನ್ನು ನಿಲ್ಲಿಸಿತು. ಕೊನೆಗೆ ಫ್ಲಾಷ್‌ನ ಒಡೆಯ ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲಾಷ್‌ಗೆ ಬೆಂಬಲ ಮುಗಿಸಿತು. 2021ರ ಜನವರಿ 12ರಿಂದ ಫ್ಲಾಷ್ ಪ್ಲೇಯರ್ ಏನನ್ನೂ ಓಡಿಸದ ಹಾಗೆ ಮಾಡಿತು. ಈಗ ವಿಡಿಯೊ, ಆಟ ಎಲ್ಲ ಬ್ರೌಸರ್ ತಾನೇ ಮಾಡುತ್ತದೆ.

ಹಳೇ ಆಟಗಳೇ ಬೇಕು ಅಂದರೆ ಇಂಟರ್‌ನೆಟ್ ಆರ್ಕೈವ್ ತಾಣದಲ್ಲಿ ಸಿಗುತ್ತವೆ. ರಫಲ್ ಎಂಬ ತಂತ್ರಾಂಶದ ಸಹಾಯದಿಂದ ಅವು ಫ್ಲಾಷ್ ಇಲ್ಲದೆಯೇ ಓಡುತ್ತವೆ. ನೀವು ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ.

ನಮ್ಮ ಹಳೇ ಕಂಪ್ಯೂಟರ್‌ನಲ್ಲಿ ಫ್ಲಾಷ್, ಜಾವಾ ಎಲ್ಲಾ ಇನ್ನೂ ಹಾಗೇ ಇದೆ. ಅದರ ಪಾಡಿಗೆ ಅದು ಇರ್ಲಿ ಬಿಡಿ, ಏನಾಗುತ್ತೆ?

ಇರುವುದು ಬೇಡ. ಕಂಟ್ರೋಲ್ ಪ್ಯಾನೆಲ್ ತೆರೆದು ಪ್ರೋಗ್ರಾಂಗಳ ಪಟ್ಟಿ ನೋಡಿ. ಫ್ಲಾಷ್ ಪ್ಲೇಯರ್, ಸಿಲ್ವರ್‌ಲೈಟ್, ಟೂಲ್‌ಬಾರ್ ಎಂದು ಕೊನೆಯಾಗುವ ಯಾವ ಹೆಸರಿದ್ದರೂ ತೆಗೆಯಿರಿ. ಸಿಲ್ವರ್‌ಲೈಟ್‌ಗೆ ಮೈಕ್ರೋಸಾಫ್ಟ್ ಬೆಂಬಲ 2021ರ ಅಕ್ಟೋಬರ್ 12ಕ್ಕೇ ಮುಗಿದಿದೆ.

ಜಾವಾ ವಿಷಯದಲ್ಲಿ ಮಾತ್ರ ಒಂದು ನಿಮಿಷ ನಿಲ್ಲಿ. ಲೆಕ್ಕಪತ್ರದ ಅಥವಾ ಕಾಲೇಜಿನ ಯಾವುದೋ ತಂತ್ರಾಂಶಕ್ಕೆ ಅದು ಬೇಕಾಗಿರಬಹುದು. ಬೇಕಿದ್ದರೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿ. ಯಾವುದಕ್ಕೂ ಬೇಡ ಅಂದರೆ ತೆಗೆದುಬಿಡಿ.

"ನಿಮ್ಮ ಫ್ಲಾಷ್ ಪ್ಲೇಯರ್ ಹಳೆಯದಾಗಿದೆ, ಇಲ್ಲಿ ಒತ್ತಿ" ಅಂತ ಬರ್ತಾ ಇದೆ. ಒತ್ತಲಾ?

ಒತ್ತಬೇಡಿ. ಫ್ಲಾಷ್ ಸತ್ತು ವರ್ಷಗಳಾದವು. ಅದರ ಅಪ್‌ಡೇಟ್ ಅಂತ ಏನೇ ಬಂದರೂ ಸುಳ್ಳು. ಇದಕ್ಕೆ ಒಂದೂ ಅಪವಾದ ಇಲ್ಲ.

ಅದೇ ಮೋಸ ಬೇರೆ ವೇಷಗಳಲ್ಲೂ ಬರುತ್ತದೆ. "ಕ್ರೋಮ್ ಅಪ್‌ಡೇಟ್ ಮಾಡಿ", "ಈ ಅಕ್ಷರ ಕಾಣಲು ಫಾಂಟ್ ಹಾಕಿ", "ವಿಡಿಯೊ ನೋಡಲು ಕೋಡೆಕ್ ಹಾಕಿ" ಎಂದೆಲ್ಲ ಕೇಳುತ್ತಾರೆ. ನಿಜವಾದ ಕ್ರೋಮ್ ಅಪ್‌ಡೇಟ್ ಯಾವತ್ತೂ ಒಂದು ವೆಬ್ ಪುಟದ ನಡುವೆ ಬರುವುದಿಲ್ಲ. ಬ್ರೌಸರ್‌ನ ಬಲ ಮೇಲ್ಮೂಲೆಯ ಮೂರು ಚುಕ್ಕಿಗಳ ಹತ್ತಿರ ಬರುತ್ತದೆ.

2024ರಿಂದ ಈಚೆಗೆ ಜಾಸ್ತಿ ಆಗಿರುವ ಇನ್ನೊಂದು ಮೋಸ ಇದೆ. ನನಗೆ ಅತಿ ಹೆಚ್ಚು ಭಯ ಆಗುವುದು ಇದರದೇ. "ನೀವು ರೋಬಾಟ್ ಅಲ್ಲ ಎಂದು ತೋರಿಸಿ" ಎಂಬ ಪುಟ ಬರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ ಅನ್ನುತ್ತದೆ. ಆ ಪುಟ ಅಷ್ಟರಲ್ಲಿ ಒಂದು ಆಜ್ಞೆಯನ್ನು ಸದ್ದಿಲ್ಲದೆ ಕಾಪಿ ಮಾಡಿಟ್ಟಿರುತ್ತದೆ. ಎಂಟರ್ ಒತ್ತಿದಾಗ ನಿಮ್ಮ ಕೈಯಿಂದಲೇ ಅದು ಓಡುತ್ತದೆ. ಇಲ್ಲಿ ಬ್ರೌಸರ್‌ನ ಯಾವ ತೂತೂ ಬೇಕಾಗಿಲ್ಲ. ಯಾವ ಪುಟವಾದರೂ ಕೀಲಿಮಣೆಯಲ್ಲಿ ವಿಂಡೋಸ್ ಕೀ ಒತ್ತಿ ಎಂದು ಹೇಳಿದರೆ ಆ ಕ್ಷಣವೇ ಮುಚ್ಚಿ. ಮನೆಯಲ್ಲಿ ಹಿರಿಯರು, ಮಕ್ಕಳು ಕಂಪ್ಯೂಟರ್ ಬಳಸುತ್ತಿದ್ದರೆ ಅವರಿಗೆ ಇದೊಂದನ್ನು ಇವತ್ತೇ ಹೇಳಿ.

## ದಿನನಿತ್ಯದ ಬಳಕೆ

ಒಂದು ಸಣ್ಣ ಎಕ್ಸ್‌ಟೆನ್ಷನ್ ಹಾಕಿದ್ರೆ ಅದು ಏನೇನು ನೋಡಬಹುದು?

ಹಾಕುವಾಗ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ "ಎಲ್ಲಾ ವೆಬ್‌ಸೈಟ್‌ಗಳಲ್ಲಿ ನಿಮ್ಮ ಎಲ್ಲಾ ಡೇಟಾವನ್ನು ಓದುವುದು ಮತ್ತು ಬದಲಾಯಿಸುವುದು" ಎಂಬ ಅರ್ಥದ ಸಾಲು ಇದ್ದರೆ ಅದನ್ನು ಅಕ್ಷರಶಃ ನಂಬಿ. ನೀವು ಟೈಪ್ ಮಾಡುವ ಪಾಸ್‌ವರ್ಡ್, ಬ್ಯಾಂಕ್ ಪುಟದ ಬಾಕಿ, ಬರೆಯುವ ಮೇಲ್ ಎಲ್ಲವನ್ನೂ ಅದು ನೋಡಬಲ್ಲದು. ನೋಡುವುದಷ್ಟೇ ಅಲ್ಲ, ಪುಟದಲ್ಲಿ ಕಾಣುವ ಖಾತೆ ಸಂಖ್ಯೆಯನ್ನೇ ಬದಲಾಯಿಸಬಲ್ಲದು. ವಿಳಾಸ ಪಟ್ಟಿಯಲ್ಲಿ ಸುರಕ್ಷಿತ ಸಂಪರ್ಕ ಅಂತ ತೋರಿಸಿದರೂ ಪ್ರಯೋಜನ ಇಲ್ಲ. ಆ ಭದ್ರತೆ ನಿಮ್ಮ ಕಂಪ್ಯೂಟರಿನಿಂದ ಬ್ಯಾಂಕಿನವರೆಗಿನ ದಾರಿಗೆ. ಎಕ್ಸ್‌ಟೆನ್ಷನ್ ಇರುವುದು ಮನೆ ಒಳಗೆ.

ಹವಾಮಾನ ತೋರಿಸುವ ಎಕ್ಸ್‌ಟೆನ್ಷನ್‌ಗೆ ನಿಮ್ಮ ಬ್ಯಾಂಕ್ ಪುಟ ಯಾಕೆ ಬೇಕು, ಅಲ್ವಾ? ಈ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧಕ್ಕರ್ಧ ಹಾಕಬೇಕು ಅನ್ನಿಸುವುದೇ ಇಲ್ಲ.

ಕ್ರೋಮ್ ಸ್ಟೋರ್‌ನಲ್ಲೇ ಇರೋದಲ್ವಾ? ಗೂಗಲ್‌ನೋರು ಪರೀಕ್ಷೆ ಮಾಡೇ ಇಟ್ಟಿರ್ತಾರೆ.

ಪರೀಕ್ಷೆ ಮಾಡುತ್ತಾರೆ. ಕೆಟ್ಟದ್ದು ಕಂಡರೆ ತೆಗೆಯುತ್ತಾರೆ. ಆದರೆ ಇವತ್ತು ಒಳ್ಳೆಯದಾಗಿದ್ದ ಎಕ್ಸ್‌ಟೆನ್ಷನ್ ನಾಳೆ ಕೆಡಬಹುದು. ಅಪ್‌ಡೇಟ್ ತಾನಾಗಿಯೇ ಬರುವುದರಿಂದ ನಿಮಗೆ ಗೊತ್ತೂ ಆಗುವುದಿಲ್ಲ.

ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಷನ್ ಇತ್ತು. ಸುಮ್ಮನೆ ತೆರೆದಿಟ್ಟ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿತ್ತು. ಒಳ್ಳೆಯ ಕೆಲಸ. 20 ಲಕ್ಷದಷ್ಟು ಜನ ಬಳಸುತ್ತಿದ್ದರು. 2020ರಲ್ಲಿ ಅದನ್ನು ಮಾಡಿದವರು ಬೇರೆ ಯಾರಿಗೋ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಕೆಟ್ಟ ತಂತ್ರಾಂಶ ಎಂದು ಸಾರಿ ಎಲ್ಲರ ಬ್ರೌಸರ್‌ನಿಂದಲೂ ನಿಲ್ಲಿಸಿತು. ಪಕ್ಕದ ಮನೆಯವರು ಖಾಲಿ ಮಾಡಿಕೊಂಡು ಹೋಗುವಾಗ ನಿಮ್ಮ ಬೀಗದ ಕೈಯನ್ನು ಹೊಸ ಬಾಡಿಗೆದಾರರಿಗೆ ಕೊಟ್ಟುಹೋದ ಹಾಗಾಯಿತು.

ಇನ್ನೊಂದು 2024ರ ಡಿಸೆಂಬರ್‌ನದು. ಸೈಬರ್‌ಹೇವನ್ ಎಂಬುದು ಭದ್ರತೆಯ ಕೆಲಸವನ್ನೇ ಮಾಡುವ ಕಂಪನಿ. ಅಲ್ಲಿನ ಒಬ್ಬ ಉದ್ಯೋಗಿಗೆ ಕ್ರೋಮ್ ಸ್ಟೋರ್‌ನಿಂದ ಬಂದ ಹಾಗೆ ಕಾಣುವ ಮೋಸದ ಮೇಲ್ ಬಂತು. ಅವರು ಅನುಮತಿ ಒತ್ತಿದರು. ಕ್ರಿಸ್‌ಮಸ್ ಹೊತ್ತಿಗೆ ಕಳ್ಳರ ಆವೃತ್ತಿ ಸುಮಾರು 4 ಲಕ್ಷ ಜನ ಬಳಸುವ ಎಕ್ಸ್‌ಟೆನ್ಷನ್ ಒಳಗೆ ಸೇರಿತು. ಸುಮಾರು ಒಂದು ದಿನದಲ್ಲಿ ಪತ್ತೆಹಚ್ಚಿ ತೆಗೆದರು. ಹುಡುಕಿದಾಗ ಅದೇ ರೀತಿ ಕೆಟ್ಟ ಇನ್ನೂ ಹತ್ತಾರು ಎಕ್ಸ್‌ಟೆನ್ಷನ್‌ಗಳು ಸಿಕ್ಕವು. ಭದ್ರತೆ ಗೊತ್ತಿರುವವರಿಗೇ ಹೀಗಾಯಿತು.

ನನಗೂ ಆಗಿದೆ. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿಗೆ ಸ್ಕ್ರೀನ್‌ಶಾಟ್ ತೆಗೆಯುವ ಒಂದು ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದೆ. ಎರಡು ವರ್ಷ ಚೆನ್ನಾಗಿತ್ತು. ಒಂದು ದಿನ ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬೇರೆ ಯಾವುದೋ ವಿಳಾಸ ಮಿಂಚಿ ಆಮೇಲೆ ಫಲಿತಾಂಶ ಬರುತ್ತಿತ್ತು. ಒಂದೊಂದೇ ಆಫ್ ಮಾಡುತ್ತಾ ಹೋದಾಗ ಇದು ಸಿಕ್ಕಿಬಿತ್ತು. ಅವತ್ತಿನಿಂದ ಸ್ಕ್ರೀನ್‌ಶಾಟ್‌ಗೆ ವಿಂಡೋಸ್ ಕೀ, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತುತ್ತೇನೆ. ಅದು ವಿಂಡೋಸ್‌ನಲ್ಲೇ ಇರುವ ಸೌಲಭ್ಯ.

ಹಾಗಾದ್ರೆ ಯಾವುದನ್ನ ಇಟ್ಕೊಳ್ಳಲಿ, ಯಾವುದನ್ನ ತೆಗೀಲಿ?

ಮೂರು ಚುಕ್ಕಿ ಒತ್ತಿ, ಎಕ್ಸ್‌ಟೆನ್ಷನ್ಸ್ ಪುಟ ತೆರೆಯಿರಿ. ಪ್ರತಿಯೊಂದನ್ನೂ ನೋಡಿ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ನಾನೇ ಹಾಕಿದೆನಾ? ಕಳೆದ ತಿಂಗಳು ಬಳಸಿದೆನಾ? ಎರಡರಲ್ಲಿ ಒಂದಕ್ಕೆ "ಇಲ್ಲ" ಬಂದರೂ ತೆಗೆಯಿರಿ. ಬೇಕಾದಾಗ ಮತ್ತೆ ಹಾಕಿಕೊಳ್ಳಲು ಅರ್ಧ ನಿಮಿಷ ಸಾಕು.

ನಾನು ಬಂದವರಿಗೆ ಹಾಕಿಕೊಡುವುದು ಒಂದೇ, ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್. ಮೋಸದ ಬಟನ್‌ಗಳು ಬರುವುದೇ ಜಾಹೀರಾತಿನ ಮೂಲಕ, ಅದಕ್ಕೆ. ಫೈರ್‌ಫಾಕ್ಸ್‌ನಲ್ಲಿ ಅದು ಪೂರ್ತಿಯಾಗಿ ಕೆಲಸ ಮಾಡುತ್ತದೆ. ಕ್ರೋಮ್‌ನಲ್ಲಿ ಈಗ ಯುಬ್ಲಾಕ್ ಆರಿಜಿನ್ ಲೈಟ್ ಮಾತ್ರ ಓಡುತ್ತದೆ. ಹೆಸರು ಸರಿಯಾಗಿ ಓದಿ, ಅದೇ ಥರದ ಹೆಸರಿನ ಬೇರೆಯವೂ ಇವೆ. ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ತಂತ್ರಾಂಶ) ಬಳಸುವವರಿಗೆ ಅದರ ಎಕ್ಸ್‌ಟೆನ್ಷನ್ ಇರಲಿ.

ಉಳಿಸಿಕೊಂಡವುಗಳಿಗೆ ಮಿತಿ ಹಾಕಬಹುದು. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್‌ನ ಡೀಟೇಲ್ಸ್ ಒತ್ತಿದರೆ ಸೈಟ್ ಆಕ್ಸೆಸ್ ಅಂತ ಇರುತ್ತದೆ. "ಎಲ್ಲಾ ಸೈಟ್" ಬದಲು "ಕ್ಲಿಕ್ ಮಾಡಿದಾಗ ಮಾತ್ರ" ಅಥವಾ ಒಂದೆರಡು ಸೈಟ್ ಹೆಸರು ಕೊಡಿ.

ಕನ್ನಡ ಟೈಪ್ ಮಾಡೋಕೆ ಒಂದು ಎಕ್ಸ್‌ಟೆನ್ಷನ್ ಹಾಕಿದೀನಿ. ಅದೂ ತೆಗೀಬೇಕಾ?

ತೆಗೆಯಿರಿ ಅಂತ ನನ್ನ ಸಲಹೆ. ಟೈಪಿಂಗ್ ಎಕ್ಸ್‌ಟೆನ್ಷನ್ ಅಂದ ಮೇಲೆ ನೀವು ಒತ್ತುವ ಪ್ರತಿ ಅಕ್ಷರವೂ ಅದರ ಕಣ್ಣಿಗೆ ಬೀಳುತ್ತದೆ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ. 2019ರಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಪಡೆಯುವ ಫೋನೆಟಿಕ್ ಕೀಲಿಮಣೆಯೂ ಸೇರಿದೆ. ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿ, ಕೀಲಿಮಣೆ ಆರಿಸಿದರೆ ಆಯಿತು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿ ಕೈ ಪಳಗಿದವರು ಅವನ್ನೇ ಬಳಸಬಹುದು.

ಅಪ್‌ಡೇಟ್ ಮಾಡಿದ್ರೆ ಸಿಸ್ಟಮ್ ಸ್ಲೋ ಆಗುತ್ತಂತೆ. ಆಫ್ ಮಾಡಿಸಿದೀನಿ. ತಪ್ಪಾ?

ಬ್ರೌಸರ್ ಅಪ್‌ಡೇಟ್ ಆಫ್ ಮಾಡುವುದು ತಪ್ಪೇ. 2023ರ ಆಗಸ್ಟ್‌ನಿಂದ ಕ್ರೋಮ್ ಪ್ರತಿ ವಾರ ಭದ್ರತೆಯ ಅಪ್‌ಡೇಟ್ ಕೊಡುತ್ತಿದೆ. ತೂತು ಮುಚ್ಚಿದ ದಿನವೇ ಅದು ಎಲ್ಲಿತ್ತು ಅನ್ನುವುದು ಕಳ್ಳರಿಗೂ ತಿಳಿಯುತ್ತದೆ. ಆಮೇಲೆ ಅಪ್‌ಡೇಟ್ ಹಾಕದವರನ್ನೇ ಹುಡುಕುತ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಪ್‌ಡೇಟ್ ಇಳಿದಿದ್ದರೂ ಬ್ರೌಸರ್ ಮುಚ್ಚಿ ತೆರೆಯುವವರೆಗೆ ಜಾರಿಗೆ ಬರುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಳ ಹಾಕಿ, ಮಾರನೆಯ ದಿನ ತೆರೆದು, ಹೀಗೇ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ದಿನಕ್ಕೊಮ್ಮೆ ಬ್ರೌಸರ್ ಪೂರ್ತಿ ಮುಚ್ಚಿ. ಕಂಪ್ಯೂಟರ್ ನಿಧಾನ ಆಗಿದ್ದರೆ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗವಾದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ. ಅದಕ್ಕೂ ಅಪ್‌ಡೇಟ್‌ಗೂ ಸಂಬಂಧ ಬೇಡ.

ಬ್ಯಾಂಕ್ ಕೆಲಸಕ್ಕೆ ಯಾವ ಬ್ರೌಸರ್ ಒಳ್ಳೇದು?

ಯಾವುದಾದರೂ ಆಗುತ್ತದೆ, ಆದರೆ ಬರಿದಾಗಿರಬೇಕು. ಈ ಪುಟದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ: ಹಣದ ಕೆಲಸಕ್ಕೆ ಒಂದು ಬೇರೆ ಬ್ರೌಸರ್ ಇಟ್ಟುಕೊಳ್ಳಿ, ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಇರಬಾರದು.

ದಿನದ ಬಳಕೆಗೆ ಕ್ರೋಮ್ ಇದ್ದರೆ ಬ್ಯಾಂಕಿಗೆ ಫೈರ್‌ಫಾಕ್ಸ್ ಅಥವಾ ವಿಂಡೋಸ್ ಜೊತೆ ಬರುವ ಎಡ್ಜ್ ಇರಲಿ. ಅದರಲ್ಲಿ ವಾಟ್ಸಾಪ್ ವೆಬ್ ಬೇಡ, ಯೂಟ್ಯೂಬ್ ಬೇಡ, ಏನನ್ನೂ ಹುಡುಕುವುದೂ ಬೇಡ. ಬ್ಯಾಂಕಿನ ವಿಳಾಸ, ವಿದ್ಯುತ್ ಬಿಲ್, ತೆರಿಗೆ ತಾಣ ಇವನ್ನು ಬುಕ್‌ಮಾರ್ಕ್ ಮಾಡಿಟ್ಟು ಅಲ್ಲಿಂದಲೇ ಹೋಗಿ. ಕೆಲಸ ಆದ ಮೇಲೆ ಲಾಗ್‌ಔಟ್ ಮಾಡಿ ಮುಚ್ಚಿ. ಎರಡು ಬ್ರೌಸರ್ ಗೊಂದಲ ಅನ್ನುವವರು ಕ್ರೋಮ್‌ನಲ್ಲೇ ಇನ್ನೊಂದು ಪ್ರೊಫೈಲ್ ಮಾಡಿ "ಬ್ಯಾಂಕ್" ಎಂದು ಹೆಸರಿಡಿ. ಪ್ರತಿ ಪ್ರೊಫೈಲ್‌ನ ಎಕ್ಸ್‌ಟೆನ್ಷನ್‌ಗಳು ಬೇರೆ ಬೇರೆ.

ಅವಸರಕ್ಕೆ ಇನ್‌ಕಾಗ್ನಿಟೊ (ನೋಡಿದ್ದನ್ನು ನೆನಪಿಡದ ಖಾಸಗಿ) ಕಿಟಕಿಯೂ ಪರವಾಗಿಲ್ಲ. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಷನ್‌ಗಳು ಅದರಲ್ಲಿ ಓಡುವುದಿಲ್ಲ.

ಯಾವುದೋ ಪುಟದಲ್ಲಿ "ಅಲೋ" ಒತ್ತಿದೆ. ಈಗ ಮೂಲೆಯಲ್ಲಿ "5 ವೈರಸ್ ಇದೆ" ಅಂತ ಬರ್ತಾನೇ ಇದೆ.

ಅದು ವೈರಸ್ ಅಲ್ಲ, ಆ ತಾಣ ಕಳಿಸುವ ನೋಟಿಫಿಕೇಷನ್. ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ನೋಟಿಫಿಕೇಷನ್ ಪಟ್ಟಿಯಿಂದ ಗೊತ್ತಿಲ್ಲದ ಹೆಸರುಗಳನ್ನು ತೆಗೆಯಿರಿ. ಅಲ್ಲೇ "ಯಾವ ತಾಣವೂ ಕೇಳಬಾರದು" ಎಂಬ ಆಯ್ಕೆ ಇದೆ, ಅದನ್ನು ಒತ್ತಿಬಿಡಿ. ಇಷ್ಟಕ್ಕೆ ಫಾರ್ಮ್ಯಾಟ್ ಮಾಡಿಸಲು ಯಾರಿಗೂ ದುಡ್ಡು ಕೊಡಬೇಡಿ.

ದುಡ್ಡು ಕೊಟ್ಟು ಆಂಟಿವೈರಸ್ ಹಾಕಿದೀನಿ. ಸಾಲದಾ?

ಸಾಲದು. ಎಕ್ಸ್‌ಟೆನ್ಷನ್‌ಗೆ ನೀವೇ ಅನುಮತಿ ಕೊಟ್ಟಿರುವುದರಿಂದ ಆಂಟಿವೈರಸ್‌ಗೆ ಅದು ಬ್ರೌಸರ್‌ನ ಸಾಮಾನ್ಯ ಕೆಲಸದ ಹಾಗೇ ಕಾಣಬಹುದು. ಮನೆ ಬಳಕೆಗೆ ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಉಳಿದ ದುಡ್ಡಿಗೆ ಬ್ಯಾಕಪ್ ಇಡಲು ಒಂದು ಹಾರ್ಡ್ ಡಿಸ್ಕ್ ತಗೊಳ್ಳಿ.

ಫೋನ್‌ನಲ್ಲೂ ಇದೇ ತೊಂದ್ರೆ ಇದ್ಯಾ?

ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ, ಹಾಗಾಗಿ ಈ ತೊಂದರೆ ಕಡಿಮೆ. ಫೋನಿನ ಅಪಾಯ ಬೇರೆ, ವಾಟ್ಸಾಪ್‌ನಲ್ಲಿ ಬರುವ ಎಪಿಕೆ (ಒತ್ತಿದರೆ ಆಪ್ ಹಾಕುವ) ಕಡತಗಳದು. ಮದುವೆ ಕರೆಯೋಲೆ ಅಂತ ಬಂದರೂ ಎಪಿಕೆ ತೆರೆಯಬೇಡಿ.

## ನಮ್ಮ ಕಡೆಯ ಕೆಲಸಗಳು

ತಿಪಟೂರಲ್ಲಿ ಕೊಬ್ಬರಿ ಮಂಡಿ ಇದೆ. ಸಿಸಿಟಿವಿ ನೋಡೋಕೆ ಹೋದ್ರೆ ಪ್ಲಗಿನ್ ಹಾಕು ಅನ್ನುತ್ತೆ. ಕ್ರೋಮ್‌ನಲ್ಲಿ ಬರೋದೇ ಇಲ್ಲ.

ಹಳೇ ಪ್ಲಗಿನ್ ಇವತ್ತಿಗೂ ಉಸಿರಾಡುತ್ತಿರುವ ಜಾಗ ಇದು. ತುಮಕೂರು, ತಿಪಟೂರು, ಶಿರಾ ಎಲ್ಲ ಕಡೆ ಅಂಗಡಿ, ಗೋದಾಮು, ತೋಟದ ಮನೆಗಳಲ್ಲಿ ಹಳೇ ಡಿವಿಆರ್‌ಗಳಿವೆ, ಅಂದರೆ ಸಿಸಿಟಿವಿ ಚಿತ್ರ ದಾಖಲಿಸುವ ಪೆಟ್ಟಿಗೆಗಳು. ಅವುಗಳ ಪುಟ ಆಕ್ಟಿವ್‌ಎಕ್ಸ್ ಕೇಳುತ್ತದೆ. ಅದು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓಡುತ್ತಿತ್ತು. ಆ ಬ್ರೌಸರ್‌ಗೆ 2022ರ ಜೂನ್ 15ರಂದು ಮೈಕ್ರೋಸಾಫ್ಟ್ ವಿದಾಯ ಹೇಳಿತು.

ಆಗ ಜನ ಏನು ಮಾಡುತ್ತಾರೆ? ಗೂಗಲ್‌ನಲ್ಲಿ "ಸಿಸಿಟಿವಿ ಪ್ಲಗಿನ್" ಎಂದು ಹುಡುಕಿ ಸಿಕ್ಕ ತಾಣದಿಂದ ಇಳಿಸುತ್ತಾರೆ. ಭದ್ರತೆಯ ಸೆಟ್ಟಿಂಗ್‌ಗಳನ್ನೆಲ್ಲ ಕೆಳಗಿಳಿಸುತ್ತಾರೆ. ಅದೇ ಕಂಪ್ಯೂಟರಿನಲ್ಲಿ ಮಂಡಿಯ ಬ್ಯಾಂಕ್ ಖಾತೆಯೂ ಇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲ ದಾರಿ, ಡಿವಿಆರ್ ಕಂಪನಿಯ ಮೊಬೈಲ್ ಆಪ್ ಅಥವಾ ಕಂಪ್ಯೂಟರಿಗೆ ಕೊಡುವ ತಂತ್ರಾಂಶವನ್ನು ಅವರ ಸ್ವಂತ ತಾಣದಿಂದ ಇಳಿಸಿ ಬಳಸುವುದು. ಅದು ಇಲ್ಲವೇ ಇಲ್ಲ ಅಂದರೆ ಎಡ್ಜ್‌ನಲ್ಲಿ ಐಇ ಮೋಡ್ ಇದೆ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಹಾಗೆ ಪುಟ ತೆರೆಯುವ ಸೌಲಭ್ಯ. ಕನಿಷ್ಠ 2029ರವರೆಗೆ ಅದನ್ನು ಉಳಿಸುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಎಡ್ಜ್ ಸೆಟ್ಟಿಂಗ್ಸ್‌ನ ಡಿಫಾಲ್ಟ್ ಬ್ರೌಸರ್ ಭಾಗದಲ್ಲಿ ಡಿವಿಆರ್‌ನ ವಿಳಾಸ ಒಂದನ್ನೇ ಸೇರಿಸಿ. 30 ದಿನಕ್ಕೊಮ್ಮೆ ಅದು ತಾನಾಗಿ ಅಳಿದುಹೋಗುತ್ತದೆ, ಮತ್ತೆ ಸೇರಿಸಬೇಕು. ಬೇಸರ ಅನ್ನಿಸಿದರೂ ಅದು ಒಳ್ಳೆಯದಕ್ಕೇ.

ಜೊತೆಗೆ ಡಿವಿಆರ್‌ನ ಪಾಸ್‌ವರ್ಡ್ ಬದಲಾಯಿಸಿ. ಹಾಕಿದವರು 12345 ಇಟ್ಟು ಹೋಗಿರುತ್ತಾರೆ. ಹೊರಗಿನಿಂದ ನೋಡಲೆಂದು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದರೆ ತೆಗೆಸಿ. ಅದು ಇದ್ದರೆ ಪ್ರಪಂಚದ ಯಾವ ಮೂಲೆಯಿಂದಲೂ ನಿಮ್ಮ ಡಿವಿಆರ್ ಬಾಗಿಲು ಬಡಿಯಬಹುದು.

ಜಿಎಸ್‌ಟಿ ಫೈಲ್ ಮಾಡೋಕೆ ಡಿಜಿಟಲ್ ಸಹಿ ಬೇಕು. ಅದಕ್ಕೆ ಏನೋ ಹಾಕು ಅನ್ನುತ್ತೆ. ಅದೂ ಅಪಾಯಾನಾ?

ಡಿಜಿಟಲ್ ಸಹಿ ಟೋಕನ್ ಎಂಬ, ಪೆನ್‌ಡ್ರೈವ್ ಥರದ ಯುಎಸ್‌ಬಿ ಸಾಧನದಲ್ಲಿ ಇರುತ್ತದೆ, ಬ್ರೌಸರ್ ಅದನ್ನು ನೇರವಾಗಿ ಮುಟ್ಟಲು ಆಗುವುದಿಲ್ಲ. ಅದಕ್ಕಾಗಿ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಓಡುತ್ತಾ ಮಧ್ಯೆ ನಿಂತು ಕೆಲಸ ಮಾಡುತ್ತದೆ. ಜಿಎಸ್‌ಟಿ ತಾಣಕ್ಕೆ ಎಮ್‌ಸೈನರ್, ಆದಾಯ ತೆರಿಗೆ ತಾಣಕ್ಕೆ ಎಮ್‌ಬ್ರಿಡ್ಜ್. ಇವು ಬೇಕೇ ಬೇಕು. ಆಯಾ ಸರ್ಕಾರಿ ತಾಣದ ಒಳಗಿನ ಲಿಂಕ್‌ನಿಂದಲೇ ಇಳಿಸಿ, ಯಾರೋ ಕಳಿಸಿದ ಡ್ರೈವ್ ಲಿಂಕ್‌ನಿಂದ ಬೇಡ.

ಕೆಲಸ ಮುಗಿದ ತಕ್ಷಣ ಟೋಕನ್ ಕಿತ್ತು ಡ್ರಾಯರ್‌ನಲ್ಲಿಡಿ. ಅದು ಸದಾ ಸಿಕ್ಕಿಸಿಕೊಂಡೇ ಇರುವುದು, ಅದರ ಪಾಸ್‌ವರ್ಡ್ ಮಾನಿಟರ್ ಮೇಲೆ ಅಂಟಿಸಿರುವುದು, ಎರಡನ್ನೂ ನೋಡಿದ್ದೇನೆ. ಅದು ನಿಮ್ಮ ಸಹಿ. ಸಹಿ ಹಾಕಿದ ಖಾಲಿ ಚೆಕ್ ಮೇಜಿನ ಮೇಲೆ ಬಿಟ್ಟು ಹೋಗುತ್ತೀರಾ?

ಪಹಣಿ, ಆಧಾರ್ ಪಿಡಿಎಫ್ ತೆರೆಯೋಕೆ, ಸಣ್ಣದು ಮಾಡೋಕೆ ಒಂದು ಎಕ್ಸ್‌ಟೆನ್ಷನ್ ಇದೆಯಲ್ಲ, ಹಾಕ್ಲಾ?

ತೆರೆಯಲು ಏನೂ ಬೇಡ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ಪಿಡಿಎಫ್ ತಾವೇ ತೋರಿಸುತ್ತವೆ. ವರ್ಡ್ ಕಡತವನ್ನು ಪಿಡಿಎಫ್ ಮಾಡಲು ಪ್ರಿಂಟ್ ಒತ್ತಿ, ಪ್ರಿಂಟರ್ ಜಾಗದಲ್ಲಿ "ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್" ಆರಿಸಿ. ಉಚಿತವಾಗಿ ಪರಿವರ್ತನೆ ಮಾಡಿಕೊಡುವ ಎಕ್ಸ್‌ಟೆನ್ಷನ್‌ಗೆ ಆಧಾರ್ ಕೊಟ್ಟರೆ ಆ ಪ್ರತಿ ಎಲ್ಲಿಗೆ ಹೋಯಿತು ಎಂದು ಯಾರನ್ನು ಕೇಳುತ್ತೀರಿ?

## ಎಡವಟ್ಟಾದ ಮೇಲೆ, ಮತ್ತು ಸ್ವಲ್ಪ ಆಳಕ್ಕೆ

ಹೋಮ್‌ಪೇಜ್ ಬದಲಾಗಿದೆ. ಎಕ್ಸ್‌ಟೆನ್ಷನ್ ತೆಗೆದ್ರೂ ಮಾರನೇ ದಿನ ಮತ್ತೆ ಬಂದಿರುತ್ತೆ. ಯಾಕೆ?

ಅದನ್ನು ಮತ್ತೆ ಮತ್ತೆ ಹಾಕುತ್ತಿರುವ ಇನ್ನೊಂದು ಇದೆ, ಅದನ್ನು ಮೊದಲು ಹಿಡಿಯಬೇಕು. ಮೊದಲು ಇಂಟರ್‌ನೆಟ್ ಕಡಿದು ಹಾಕಿ. ಪ್ರೋಗ್ರಾಂ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನದ ಹತ್ತಿರ ಬಂದದ್ದನ್ನು ತೆಗೆಯಿರಿ. ಆಮೇಲೆ ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ನೋಡಿ, ಅರ್ಥವಿಲ್ಲದ ಅಕ್ಷರಗಳ ಹೆಸರಿನ ಕೆಲಸಗಳು ಕಂಡರೆ ಅನುಮಾನ ಪಡಿ. ಆದರೆ ಖಾತ್ರಿ ಇಲ್ಲದೆ ಅಳಿಸಬೇಡಿ, ಗೊತ್ತಿರುವವರಿಗೆ ತೋರಿಸಿ.

ಕ್ರೋಮ್ ಮೆನುವಿನ ಕೊನೆಯಲ್ಲಿ "ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ" ಎಂದು ಕಾಣುತ್ತಿದೆಯಾ? ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಅದು ಸರಿ. ಮನೆ ಕಂಪ್ಯೂಟರಿನಲ್ಲಿ ಕಂಡರೆ ಬಹುಶಃ ಯಾವುದೋ ಪ್ರೋಗ್ರಾಂ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಪಾಲಿಸಿ, ಅಂದರೆ ಬ್ರೌಸರ್ ಪಾಲಿಸಲೇಬೇಕಾದ ನಿಯಮ ಬರೆದಿದೆ. ಅಂಥ ಎಕ್ಸ್‌ಟೆನ್ಷನ್‌ಗೆ ತೆಗೆಯುವ ಬಟನ್ನೇ ಇರುವುದಿಲ್ಲ. ಪಾಲಿಸಿ ಅಳಿಸಿದ ಮೇಲೆ ಅದು ಹೋಗುತ್ತದೆ.

ಇನ್ನೊಂದು ಕಾರಣ ಸಿಂಕ್, ಅಂದರೆ ಒಂದೇ ಖಾತೆಯ ಎಲ್ಲಾ ಬ್ರೌಸರ್‌ಗಳನ್ನು ಒಂದೇ ಥರ ಇಡುವ ಸೌಲಭ್ಯ. ಮನೆಯ ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ ಅದೇ ಖಾತೆ ಇದ್ದರೆ ಅಲ್ಲಿಂದ ಮತ್ತೆ ಬರುತ್ತದೆ. ಎರಡರಲ್ಲೂ ಸಿಂಕ್ ನಿಲ್ಲಿಸಿ, ಎರಡರಲ್ಲೂ ತೆಗೆದು, ಆಮೇಲೆ ಶುರು ಮಾಡಿ. ಕೊನೆಗೆ ಬ್ರೌಸರ್ ಸೆಟ್ಟಿಂಗ್ಸ್ ರೀಸೆಟ್ ಮಾಡಿ, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಸ್ವಚ್ಛಗೊಳಿಸುವ ಸಾಧನಗಳಿವೆ.

ಪಾಸ್‌ವರ್ಡ್ ಕದ್ದಿರಬಹುದು ಅನ್ನಿಸ್ತಿದೆ. ಪಾಸ್‌ವರ್ಡ್ ಬದಲಾಯಿಸಿದ್ರೆ ಸಾಕಾ?

ಸಾಕಾಗುವುದಿಲ್ಲ, ಮತ್ತು ಅದೇ ಕಂಪ್ಯೂಟರಿನಿಂದ ಬದಲಾಯಿಸಲೇಬೇಡಿ. ಹೊಸದೂ ಅವರಿಗೆ ಸಿಗುತ್ತದೆ. ಫೋನ್ ಅಥವಾ ಬೇರೆ ಕಂಪ್ಯೂಟರ್ ಬಳಸಿ.

ನೀವು ಒಮ್ಮೆ ಲಾಗಿನ್ ಆದಾಗ ತಾಣ ಒಂದು ಕುಕಿ ಕೊಡುತ್ತದೆ. ಜಾತ್ರೆಯಲ್ಲಿ ಟಿಕೆಟ್ ತಗೊಂಡ ಮೇಲೆ ಕೈಗೆ ಹಾಕುವ ಮುದ್ರೆಯ ಹಾಗೆ, ಅದಿದ್ದರೆ ಮತ್ತೆ ಟಿಕೆಟ್ ಕೇಳುವುದಿಲ್ಲ. ಕೆಟ್ಟ ಎಕ್ಸ್‌ಟೆನ್ಷನ್ ಕದಿಯುವುದು ಆ ಕುಕಿಯನ್ನೂ. ಒಟಿಪಿ ಕೂಡ ಅದನ್ನು ತಡೆಯುವುದಿಲ್ಲ. ಅದಕ್ಕೇ ಮೇಲ್, ಫೇಸ್‌ಬುಕ್ ಎಲ್ಲದರಲ್ಲೂ "ಎಲ್ಲಾ ಸಾಧನಗಳಿಂದ ಸೈನ್‌ಔಟ್" ಒತ್ತಿ. ಮೇಲ್‌ನಲ್ಲಿ ನಿಮಗೆ ಗೊತ್ತಿಲ್ಲದ ಫಾರ್ವರ್ಡಿಂಗ್ ವಿಳಾಸ ಸೇರಿದೆಯೇ ನೋಡಿ. ಮೊದಲು ಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು.

ಹಣ ಹೋಗಿದ್ದರೆ ಕ್ರಮ ಬೇರೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವ ಅವಕಾಶ ಹೆಚ್ಚು. ನಾಚಿಕೆ ಪಟ್ಟುಕೊಂಡು ಎರಡು ದಿನ ಕಾಯಬೇಡಿ. ಕಾದವರನ್ನು ನೋಡಿದ್ದೇನೆ, ಅವರ ಮುಖ ನೋಡಲು ಆಗುವುದಿಲ್ಲ.

ಜೀರೋ ಡೇ ಅಂತಾರಲ್ಲ, ಅದು ಬಂದ್ರೆ ಅಪ್‌ಡೇಟ್ ಇದ್ರೂ ಪ್ರಯೋಜನ ಇಲ್ವಾ?

ಮಾಡಿದವರಿಗೇ ಇನ್ನೂ ಗೊತ್ತಿಲ್ಲದ ತೂತಿಗೆ ಜೀರೋ ಡೇ ಅನ್ನುತ್ತಾರೆ. ಅದಕ್ಕೆ ಆ ದಿನ ಅಪ್‌ಡೇಟ್ ಇರುವುದಿಲ್ಲ, ನಿಜ. ಆದರೆ ಈಗಿನ ಬ್ರೌಸರ್ ಒಂದೇ ಗೋಡೆಯದಲ್ಲ. ಪ್ರತಿ ತಾಣವನ್ನು ಬೇರೆ ಬೇರೆ ಪ್ರಕ್ರಿಯೆಯಲ್ಲಿ ಕೂಡಿಹಾಕುತ್ತದೆ. 2018ರಿಂದ ಕ್ರೋಮ್ ಕಂಪ್ಯೂಟರುಗಳಲ್ಲಿ ಇದನ್ನು ಮಾಡುತ್ತಿದೆ. ಕಳ್ಳನಿಗೆ ಒಂದು ತೂತು ಸಾಲದು. ಕೋಣೆ ದಾಟಲು ಒಂದು, ಮನೆ ದಾಟಲು ಇನ್ನೊಂದು ಬೇಕು. ಹಳೇ ಪ್ಲಗಿನ್‌ಗಳಿಗೆ ಇಂಥ ಒಳಗೋಡೆ ಇರಲಿಲ್ಲ.

ನೀವು ಮಾಡಬಹುದಾದದ್ದು, ಇನ್ನೂ ಒಂದು ಗೋಡೆ ಕಟ್ಟುವುದು. ವಿಂಡೋಸ್‌ನಲ್ಲಿ ಅಡ್ಮಿನ್ ಖಾತೆ ಬೇರೆ, ದಿನದ ಬಳಕೆಗೆ ಸ್ಟ್ಯಾಂಡರ್ಡ್ ಖಾತೆ ಬೇರೆ ಇಡಿ. ಮಕ್ಕಳಿಗಂತೂ ಸ್ಟ್ಯಾಂಡರ್ಡ್ ಖಾತೆಯೇ ಇರಲಿ. ಏನಾದರೂ ಹಾಕಲು ಹೊರಟರೆ ಪಾಸ್‌ವರ್ಡ್ ಕೇಳುತ್ತದೆ. ಆ ಎರಡು ಸೆಕೆಂಡಿನಲ್ಲಿ ಯೋಚಿಸಲು ಸಮಯ ಸಿಗುತ್ತದೆ.

ಮ್ಯಾನಿಫೆಸ್ಟ್ ವಿ3 ಬಂದ ಮೇಲೆ ಎಕ್ಸ್‌ಟೆನ್ಷನ್ ಸೇಫ್ ಆಯ್ತಲ್ವಾ?

ಇದು ಇಂಜಿನಿಯರಿಂಗ್ ಓದುವ ಹುಡುಗನೊಬ್ಬನ ಪ್ರಶ್ನೆ. ಮ್ಯಾನಿಫೆಸ್ಟ್ ವಿ3 ಅಂದರೆ ಎಕ್ಸ್‌ಟೆನ್ಷನ್‌ಗಳು ಹೇಗಿರಬೇಕು ಎಂಬ ಕ್ರೋಮ್‌ನ ಹೊಸ ನಿಯಮಗಳು. ಒಂದು ಒಳ್ಳೆಯದು ಆಗಿದೆ. ಸ್ಟೋರ್‌ನಲ್ಲಿ ತೋರಿಸಿದ್ದು ಒಂದು, ಆಮೇಲೆ ಬೇರೆ ಸರ್ವರ್‌ನಿಂದ ಕೋಡ್ ತಂದು ಓಡಿಸುವುದು ಇನ್ನೊಂದು, ಹಾಗೆ ಮಾಡಲು ಈಗ ನಿಯಮ ಬಿಡುವುದಿಲ್ಲ. ಆದರೆ ಪುಟ ಓದುವ ಅನುಮತಿ ಕೊಟ್ಟಿದ್ದರೆ ಅದು ಓದಿಯೇ ಓದುತ್ತದೆ. ಸೈಬರ್‌ಹೇವನ್ ಪ್ರಕರಣ ನಡೆದದ್ದೂ ಈ ನಿಯಮ ಬಂದ ಮೇಲೆಯೇ.

ಡೆವಲಪರ್ ಮೋಡ್ ಆನ್ ಮಾಡಿ ಜಿಪ್ ಕಡತದಿಂದ ಎಕ್ಸ್‌ಟೆನ್ಷನ್ ಹಾಕುವ ಅಭ್ಯಾಸ ಕಾಲೇಜು ಹುಡುಗರಲ್ಲಿ ಇದೆ. ಅದಕ್ಕೆ ಸ್ಟೋರ್‌ನ ಪರೀಕ್ಷೆಯೂ ಇಲ್ಲ, ಅಪ್‌ಡೇಟ್ ಕೂಡ ಇಲ್ಲ. ಕೋಡ್ ಓದಲು ಬಂದರೆ ಓದಿ ಹಾಕಿ. ಅಪ್ಪನ ಬ್ಯಾಂಕ್ ಖಾತೆ ಇರುವ ಕಂಪ್ಯೂಟರಿನಲ್ಲಿ ಬೇಡ.

ವಿಂಡೋಸ್ 7 ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ. ಹೊಸದು ತಗೊಳ್ಳೋಕೆ ದುಡ್ಡಿಲ್ಲ. ಏನ್ ಮಾಡ್ಲಿ?

ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಅದರಲ್ಲಿ ಓಡುವ ಕೊನೆಯ ಕ್ರೋಮ್ 109. ಅಂದರೆ 2023ರ ಆರಂಭದಿಂದ ಈಚೆಗೆ ಕ್ರೋಮ್‌ನಲ್ಲಿ ಸಿಕ್ಕ ತೂತುಗಳು ನಿಮ್ಮಲ್ಲಿ ಹಾಗೇ ತೆರೆದಿವೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ.

ದುಡ್ಡಿಲ್ಲದೆಯೂ ದಾರಿ ಇದೆ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ಉಚಿತ, ಹಳೇ ಕಂಪ್ಯೂಟರಿಗೂ ಆಗುತ್ತದೆ, ಬ್ರೌಸರ್ ಹೊಸದೇ ಸಿಗುತ್ತದೆ. ಪೇಪರ್ ಓದುವುದು, ಮೇಲ್, ವಿಡಿಯೊ, ಬ್ಯಾಂಕ್ ಎಲ್ಲಕ್ಕೂ ಸಾಕು. ಕನ್ನಡ ಅಕ್ಷರ ಚೆನ್ನಾಗಿ ಕಾಣುತ್ತವೆ. ನುಡಿಯ ಕೀಲಿಮಣೆಗೆ ಒಗ್ಗಿದವರಿಗೆ ಅದೇ ವಿನ್ಯಾಸ ಕೆಜಿಪಿ ಹೆಸರಿನಲ್ಲಿ ಹಾಕಿಕೊಳ್ಳಲು ಬರುತ್ತದೆ. ಡಿಜಿಟಲ್ ಸಹಿ, ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಬಳಸುವವರಿಗೆ ಮಾತ್ರ ಇದು ಕಷ್ಟ, ಅವರಿಗೆ ನಾನು ಹೇಳುವುದಿಲ್ಲ.

ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಒಳಗಿನ ಡಿಸ್ಕ್ ಮುಟ್ಟಬೇಕಾಗಿಲ್ಲ. ಒಂದು ವಾರ ಬಳಸಿ, ಒಗ್ಗಿದರೆ ಹಾಕಿಸಿಕೊಳ್ಳಿ. ಹಾಕಿಸಲು ತರುವಾಗ ಫೋಟೊಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟು, ಪ್ರಿಂಟರ್‌ನ ಮಾಡೆಲ್ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.